ಸೇನಾನಿಯ ಊರು, ಸಿಪಾಯಿಯ ಬಾಣೆ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಆಮಂತ್ರಣ ಪತ್ರಿಕೆ ಬಂದಿತು. ತನ್ನ ಒಕ್ಕದ ಜಮ್ಮಾ ಬಾಣೆಯ ಗುಡ್ಡವನ್ನು ಕಡಿದು ಸಮತಟ್ಟು ಮಾಡಿ ಕಟ್ಟಿಸಿದ ರೆಸಾರ್ಟಿನ ಪ್ರಾರಂಭೋತ್ಸವವಂತೆ. ಪತ್ರಿಕೆಯ ಮೇಲ್ಭಾಗದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಭಾವಚಿತ್ರ, ಕೆಳಗೆ ‘ವೀರರ ನಾಡಿಗೆ ಸುಸ್ವಾಗತ’. ‘ಸಾರ್, ದೀಪ ಬೆಳಗಿಸಲು ನೀವೇ ಬರಬೇಕು’ ಎಂದು ದೂರವಾಣಿಯಲ್ಲಿ ಒತ್ತಾಯಿಸಿದ. ಬರಲಾರೆನೆಂದೆ. ಅವನು ನೊಂದುಕೊಂಡ. ಕಾರಣವನ್ನು ಅವನಿಗೂ ನಿಮಗೂ ಹೇಳುವುದು ನನ್ನ ಕರ್ತವ್ಯ.

ಕಾರ್ಯಪ್ಪನವರು ಜನಿಸಿದ್ದು 1899ರ ಜನವರಿ 28ರಂದು, ಉತ್ತರ ಕೊಡಗಿನ ಶನಿವಾರಸಂತೆಯಲ್ಲಿ. ವಾರದ ಸಂತೆಯಿಂದಲೇ ಹೆಸರು ಪಡೆದ ಊರದು. ತಂದೆ ಕಂದಾಯ ಇಲಾಖೆಯ ನೌಕರರು. ಆ ಬಾಲಕ 1949ರ ಜನವರಿ 15ರಂದು ನಮ್ಮ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕನಾದ ಸಂಗತಿಯನ್ನು ತರಗತಿಯಲ್ಲಿ ನಿಮಗೆ ಎಷ್ಟು ಸಲ ಹೇಳಿದ್ದೇನೋ! ಹೇಳದೆ ಬಿಟ್ಟ ಪಾಠ ಇನ್ನೊಂದಿದೆ. ಅವರು ಹುಟ್ಟಿದ ಆ 1899ನೆಯ ಇಸವಿಯದೇ ಕೊಡಗು ಭೂಕಂದಾಯ ರೆಗ್ಯುಲೇಷನ್. ಸೇನಾನಿಯ ಹುಟ್ಟನ್ನು ನೆನೆಯುವ ನಾವು ಸಿಪಾಯಿಯ ಮಣ್ಣಿನ ಲೆಕ್ಕವನ್ನು ಮರೆತಿದ್ದೇವೆ.

ಜಮ್ಮಾ ಎಂದರೆ ಏನು? ಹಾಲೇರಿ ಅರಸರು ಕರೆದಾಗ ಆಯುಧ ಹಿಡಿದು ಬರಬೇಕೆಂಬ ಕರಾರಿನ ಮೇಲೆ ಒಕ್ಕಗಳಿಗೆ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ. ಸಾಗು ಭೂಮಿಗಿದ್ದ ಕಂದಾಯದ ಅರ್ಧ ಮಾತ್ರ ಅದಕ್ಕೆ. ಉಳಿದರ್ಧವನ್ನು ಸೇವೆಯಿಂದ ತೀರಿಸಬೇಕು. ಗದ್ದೆಯ ಜೊತೆಗೆ ಬಾಣೆ: ದನ ಮೇಯಲು, ಸೌದೆಗೆ, ಗೊಬ್ಬರದ ಸೊಪ್ಪಿಗೆ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಇಂಗ್ಲಿಷರೂ ಈ ಪದ್ಧತಿಯನ್ನು ಕಿತ್ತುಹಾಕಲಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯ ಬೇರು ಇಲ್ಲಿದೆ. 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಹಾಗಾಗಿ ‘ಜಮ್ಮಾ ಎಂಬುದು ಅರಸರು ಎಸೆದ ಬಿಟ್ಟಿ ದಾನ’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದು ರಕ್ತದ ಸಂಬಳ. ಸತ್ತುಹೋದ ಪಟ್ಟೇದಾರನ ಹೆಸರೇ ದಾಖಲೆಯಲ್ಲಿ ಉಳಿದು, ಅವನ ಮೊಮ್ಮಕ್ಕಳು ಬ್ಯಾಂಕಿನ ಸಾಲಕ್ಕಾಗಿ ವರ್ಷಗಟ್ಟಲೆ ಕಚೇರಿಗಳ ಮೆಟ್ಟಿಲು ತುಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಪುತ್ಥಳಿಗೆ ಹಾರ ಹಾಕಲು ಕ್ಷಣವೂ ತಡಮಾಡದ ಆಡಳಿತ, ಸಿಪಾಯಿಯ ಮಕ್ಕಳ ಕಾಗದ ಸರಿಪಡಿಸಲು ತಲೆಮಾರು ಕಾಯಿಸುವುದು ಅನ್ಯಾಯವಲ್ಲದೆ ಮತ್ತೇನು?

ಆದರೆ ಮಗು, ನಿನ್ನ ವಾದವನ್ನೂ ನಾನು ಒಪ್ಪಲಾರೆ. ‘ಭೂಮಿ ನಮ್ಮದು ಸಾರ್, ಏನು ಬೇಕಾದರೂ ಮಾಡುತ್ತೇವೆ’ ಎಂದೆಯಲ್ಲ? ಅದು ನಿನ್ನೊಬ್ಬನದಾಗಿ ಎಂದೂ ಇರಲಿಲ್ಲ. ಒಕ್ಕದ್ದಾಗಿತ್ತು, ಹುಟ್ಟಲಿರುವವರದೂ ಆಗಿತ್ತು. ಸರ್ಕಾರದ ಮುಂದೆ ಹಕ್ಕು ಕೇಳುವಾಗ ‘ನಾವು ಸೈನಿಕರ ವಂಶಸ್ಥರು’ ಎನ್ನುವುದು, ಗುಡ್ಡ ಕಡಿಯುವಾಗ ‘ಇದು ಖಾಸಗಿ ಆಸ್ತಿ’ ಎನ್ನುವುದು! ಎರಡು ನಾಲಿಗೆ ಏಕೆ? 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಗುಡ್ಡಗಳು ಜರಿದು ಮನೆಗಳನ್ನು ನುಂಗಿದ್ದನ್ನು ನಾವೆಲ್ಲ ನೋಡಿದೆವು. ಅತಿವೃಷ್ಟಿಯ ಜೊತೆಗೆ ಇಳಿಜಾರನ್ನು ಮನಬಂದಂತೆ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ನಾಡನ್ನು ಕಾಯಲೆಂದು ಕೊಟ್ಟ ನೆಲವೇ ನಾಡಿನ ಮೇಲೆ ಜರಿದು ಬೀಳುವಂತಾದರೆ ಆ ಕರಾರು ಏನಾಯಿತು?

ಅರಸರಿಲ್ಲ, ಅವರ ಕರೆಯೂ ಇಲ್ಲ. ಸೇವೆ ಮುಗಿಯಿತೆಂದು ನೀನು ಹೇಳಬಹುದು. ಮುಗಿದಿಲ್ಲ. ಅಂದು ಕೋವಿ ಹಿಡಿದು ಗಡಿ ಕಾಯುವುದು ಸೇವೆಯಾಗಿತ್ತು. ಇಂದು ಗದ್ದೆಯನ್ನು ಗದ್ದೆಯಾಗಿ, ಬಾಣೆಯನ್ನು ಬಾಣೆಯಾಗಿ ಉಳಿಸುವುದೇ ಸೇವೆ. ಹಿರಿಯರು ಕೈಲ್‌ಪೋಳ್ದ್ ಹಬ್ಬವನ್ನು ನಾಟಿ ಮುಗಿದ ಮೇಲೆ ಇಟ್ಟದ್ದು ಸುಮ್ಮನೆ ಅಲ್ಲ. ಮೊದಲು ಪೈರು, ಆಮೇಲೆ ಆಯುಧಪೂಜೆ.

ನಿನ್ನ ದೀಪ ಬೆಳಗಿಸಲು ಬರಲಾರೆ. ಪಾಳುಬಿಟ್ಟ ನಿನ್ನ ಗದ್ದೆಯಲ್ಲಿ ಮುಂದಿನ ಮಳೆಗಾಲ ನಾಟಿ ಮಾಡಿಸು. ಮಂಡಿನೋವಿದ್ದರೂ ಬಂದು ಬದುವಿನ ಮೇಲೆ ಕೂರುತ್ತೇನೆ. ಅಲ್ಲಿಯವರೆಗೆ, ದಯವಿಟ್ಟು, ಪತ್ರಿಕೆಯಿಂದ ಆ ಭಾವಚಿತ್ರವನ್ನು ತೆಗೆದುಬಿಡು.

ಉಳಿದವರು ಏನನ್ನುತ್ತೀರಿ? ನನ್ನ ಮಾತು ಕಟುವಾಗಿದ್ದರೆ ಬರೆದು ತಿದ್ದಿರಿ.