ಆಡಿಟ್‌ಗೆ ಸಿಗದ ಮನೆಗೆಲಸ

ನಮ್ಮೂರು ದಾವಣಗೆರೆಯಲ್ಲಿ ಜುಲೈ ಎಂದರೆ ಮೋಡ, ಜಿಟಿಜಿಟಿ ಮಳೆ, ಸಂಜೆಗೆ ಮಂಡಕ್ಕಿ-ಮೆಣಸಿನಕಾಯಿ. ಇಲ್ಲಿ ಸಿಡ್ನಿಯಲ್ಲಿ ಜುಲೈ ಎಂದರೆ ನಡು ಚಳಿಗಾಲ. ಸಂಜೆ ಐದಕ್ಕೆಲ್ಲ ಕತ್ತಲು. ಬೆಳಗ್ಗೆ ಏಳೆಂಟು ಡಿಗ್ರಿ. ಊರಿನವರಿಗೆ ಹೇಳಿದರೆ ‘ಅಷ್ಟೇನಾ, ಹಿಮ ಬೀಳಲ್ವಾ?’ ಎನ್ನುತ್ತಾರೆ. ಹಿಮವೇನೂ ಬೀಳುವುದಿಲ್ಲ. ಆದರೆ ಇಲ್ಲಿನ ಹಳೆಯ ಮನೆಗಳಲ್ಲಿ ಕಿಟಕಿ ಸಂದಿಯಿಂದ ನುಗ್ಗುವ ಗಾಳಿಗೆ ಮನೆಯೊಳಗೂ ಸ್ವೆಟರ್ ಬೇಕು, ಕಾಲಿಗೆ ಕಾಲುಚೀಲ ಬೇಕು.

ಇಂಥ ಚಳಿಯಲ್ಲಿ ನಾನು ಎರಡು ವಾರ ರಜೆ ಹಾಕಿದೆ. ಆಸ್ಟ್ರೇಲಿಯಾದಲ್ಲಿ ಕಾಯಂ ನೌಕರರಿಗೆ ಕಾನೂನಿನಂತೆ ವರ್ಷಕ್ಕೆ ನಾಲ್ಕು ವಾರ ಸಂಬಳ ಸಹಿತ ರಜೆ ಉಂಟು. ತೆಗೆದುಕೊಳ್ಳದಿದ್ದರೆ ಅದು ಮುಂದಿನ ವರ್ಷಕ್ಕೆ ಹೋಗುತ್ತದೆ, ಕಂಪನಿಯ ಲೆಕ್ಕಪತ್ರದಲ್ಲಿ ಸಾಲದ ಬಾಬತ್ತಾಗಿ ಕೂರುತ್ತದೆ. ನೌಕರನಿಗೆ ಕೊಡಬೇಕಾದದ್ದು ಇನ್ನೂ ಕೊಟ್ಟಿಲ್ಲ ಎಂದು ಅರ್ಥ. ಹಾಗಾಗಿ ಅಕೌಂಟ್ಸ್ ವಿಭಾಗದಲ್ಲಿರುವ ನನ್ನಂಥವರೇ ‘ರಜೆ ಉಳಿಸಿಕೊಳ್ಳಬೇಡಿ’ ಎಂದು ಉಳಿದವರಿಗೆ ಇಮೇಲ್ ಕಳಿಸುವವರು. ಈ ಸಲ ಆ ಇಮೇಲ್ ನನಗೇ ಬಂತು! ಈ ದೇಶದ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಜುಲೈ ಬಂತೆಂದರೆ ಬಹುಪಾಲು ಅಕೌಂಟೆಂಟ್‌ಗಳಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ನಮ್ಮ ಕಂಪನಿಯ ಮೂಲ ಯುರೋಪಿನದಾದ್ದರಿಂದ ನಮ್ಮ ವರ್ಷ ಡಿಸೆಂಬರ್‌ಗೆ ಮುಗಿಯುತ್ತದೆ. ಹಾಗಾಗಿ ಜುಲೈನಲ್ಲಿ ರಜೆ ಸಿಕ್ಕಿತು. ಮಕ್ಕಳ ಶಾಲೆಗೂ ಅದೇ ಎರಡು ವಾರ ಚಳಿಗಾಲದ ರಜೆ. ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡುವ ನನ್ನ ಹೆಂಡತಿಗೆ ಮಾತ್ರ ರಜೆ ಸಿಗಲಿಲ್ಲ.

‘ಎಲ್ಲೂ ಹೋಗೋದು ಬೇಡ, ಮನೇಲೇ ಇದ್ದು ಬಾಕಿ ಕೆಲಸ ಎಲ್ಲ ಮುಗಿಸಿಬಿಡ್ತೀನಿ’ ಎಂದು ಘೋಷಿಸಿದೆ. ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದೆ. ಹನ್ನೆರಡು ಕೆಲಸ, ಹದಿನಾಲ್ಕು ದಿನ. ಆರಾಮ ಎನ್ನಿಸಿತು.

ಮೊದಲ ಮೂರು ದಿನ ಭರ್ಜರಿಯಾಗಿ ನಡೆಯಿತು. ಏಣಿ ಹತ್ತಿ ಸೂರಿನ ಅಂಚಿನ ದೋಣಿಯಲ್ಲಿ ತುಂಬಿದ್ದ ನೀಲಗಿರಿ ಎಲೆ ತೆಗೆದೆ. ಗುಲಾಬಿ ಗಿಡ ಕತ್ತರಿಸಿದೆ. ಇಲ್ಲಿ ಜುಲೈನಲ್ಲಿ ಕತ್ತರಿಸಿದರೆ ವಸಂತಕ್ಕೆ ಚೆನ್ನಾಗಿ ಚಿಗುರುತ್ತದೆ. ಬಚ್ಚಲ ಛಾವಣಿಯ ಬೂಷ್ಟನ್ನು ವಿನಿಗರ್ ಹಚ್ಚಿ ಉಜ್ಜಿದೆ. ಮುರಿದ ಕುರ್ಚಿ, ಹಳೆಯ ಹಾಸಿಗೆಯನ್ನು ಕೌನ್ಸಿಲ್‌ನವರು ಒಯ್ಯಲೆಂದು ರಸ್ತೆ ಬದಿ ಇಟ್ಟೆ. ಹಿತ್ತಲಲ್ಲಿ ಒಂದು ಪಾತಿ ಅಗೆದು ಕೊತ್ತಂಬರಿ, ಮೆಂತ್ಯ ಬಿತ್ತಿದೆ. ಬೇಸಿಗೆಯಲ್ಲಿ ಬಿತ್ತಿದರೆ ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂವಿಗೆ ಓಡುತ್ತದೆ. ಸಿಡ್ನಿಯ ಚಳಿಗಾಲ ಅದಕ್ಕೆ ಹೇಳಿ ಮಾಡಿಸಿದ್ದು. ಎಲ್ಲದರ ಫೋಟೋ ತೆಗೆದು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಅತ್ತಿಗೆಯಿಂದ ಹಿಡಿದು ಸೋದರಮಾವನವರೆಗೆ ಎಲ್ಲರೂ ಹೆಬ್ಬೆರಳು ಎತ್ತಿದರು. ‘ನಿನ್ನ ಹೆಂಡತಿ ಪುಣ್ಯ ಮಾಡಿದ್ಲು ಕಣೋ’ ಎಂದು ಚಿಕ್ಕಮ್ಮ ಬರೆದರು.

ನಾಲ್ಕನೆಯ ದಿನ ಪುಣ್ಯ ಮುಗಿಯಿತು. ಬೆಳಗ್ಗೆ ದೋಸೆ ಮಾಡೋಣವೆಂದು ಹಿಂದಿನ ರಾತ್ರಿ ಅಕ್ಕಿ, ಉದ್ದು ರುಬ್ಬಿ ಕಟ್ಟೆ ಮೇಲಿಟ್ಟು ಮಲಗಿದ್ದೆ. ಬೆಳಗ್ಗೆ ನೋಡಿದರೆ ಹಿಟ್ಟು ಇಟ್ಟಲ್ಲೇ ಇಟ್ಟಂತಿದೆ. ಒಂದು ಗುಳ್ಳೆ ಇಲ್ಲ. ಬೆಣ್ಣೆದೋಸೆ ಊರಿನವನ ಮರ್ಯಾದೆ ಹೋಯಿತು. ಡ್ಯೂಟಿಗೆ ಹೊರಟಿದ್ದ ಹೆಂಡತಿ ಪಾತ್ರೆ ನೋಡಿ, ‘ಓವನ್ ಒಳಗೆ ಲೈಟ್ ಹಾಕಿ ಇಡ್ಲಿಲ್ವೇನ್ರೀ?’ ಎಂದಳು. ಓವನ್ ಬಿಸಿ ಮಾಡಬಾರದು, ಒಳಗಿನ ದೀಪ ಮಾತ್ರ ಹೊತ್ತಿಸಿಡಬೇಕು, ಆ ಬಲ್ಬಿನ ಶಾಖಕ್ಕೇ ಹಿಟ್ಟು ಉಬ್ಬುತ್ತದೆ. ಹತ್ತು ವರ್ಷದಿಂದ ಪ್ರತಿ ಚಳಿಗಾಲ ಅವಳು ಮಾಡುತ್ತಿದ್ದದ್ದು ಅದನ್ನೇ. ರಾತ್ರಿ ನೀರು ಕುಡಿಯಲು ಎದ್ದಾಗ ಓವನ್ ದೀಪ ಉರಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ‘ಕರೆಂಟ್ ದಂಡ’ ಎಂದು ಆರಿಸಿಯೂ ಇದ್ದೇನೆ. ಮರುದಿನ ನಮ್ಮನೆಯಲ್ಲಿ ಉಪ್ಪಿಟ್ಟು ಆಗುತ್ತಿದ್ದದ್ದು ಏಕೆಂದು ಈಗ ಅರ್ಥವಾಯಿತು.

ಅಲ್ಲಿಂದ ನನ್ನ ಹನ್ನೆರಡು ಕೆಲಸದ ಪಟ್ಟಿಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ದೋಣಿ, ಗುಲಾಬಿ, ಕುರ್ಚಿ, ಪಾತಿ. ಎಲ್ಲವೂ ವರ್ಷಕ್ಕೊಮ್ಮೆಯವು. ಮಾಡಿದರೆ ಮುಗಿಯುವಂಥವು, ಫೋಟೋಗೆ ಸಿಗುವಂಥವು, ಒಂದು ವಾರ ತಡವಾದರೂ ಯಾರೂ ಉಪವಾಸ ಬೀಳದಂಥವು. ಅಡುಗೆ, ಪಾತ್ರೆ, ಬಟ್ಟೆ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಸಂಜೆ ಮಾಡಿದ್ದು ಬೆಳಗ್ಗೆ ಮತ್ತೆ ಬಾಕಿ. ಒಗೆದ ಬಟ್ಟೆ ಈ ಚಳಿಯಲ್ಲಿ ಎರಡು ದಿನವಾದರೂ ಒಣಗದು. ಬಿಸಿಲು ಬಂದರೆ ಹೊರಗೆ, ಮೋಡ ಕವಿದರೆ ಒಳಗೆ ಎಂದು ಹಿಂದೆಯೇ ಓಡಾಡಬೇಕು. ವರ್ಷದ ಕೆಲಸ ಗಂಡಸಿನದು, ದಿನದ ಕೆಲಸ ಹೆಂಗಸಿನದು ಎಂಬ ಹಂಚಿಕೆಯನ್ನು ನಾವು ಕೂತು ಮಾತಾಡಿ ಮಾಡಿಕೊಂಡದ್ದಲ್ಲ. ಸೂಟ್‌ಕೇಸಿನಲ್ಲಿ ಊರಿಂದಲೇ ಬಂದಿತ್ತು.

ಇಲ್ಲೊಂದು ತಪ್ಪೊಪ್ಪಿಗೆ ಇದೆ. ಆಸ್ಟ್ರೇಲಿಯಾದಲ್ಲಿ ಐದು ವರ್ಷಕ್ಕೊಮ್ಮೆ, ಆಗಸ್ಟ್‌ನ ಚಳಿಯಲ್ಲಿ, ಜನಗಣತಿ ನಡೆಯುತ್ತದೆ. 2021ರಲ್ಲಿ ಅದು ನಡೆದದ್ದು ಆಗಸ್ಟ್ 10ರಂದು. ಆಗ ಸಿಡ್ನಿ, ಮೆಲ್ಬರ್ನ್ ಎರಡೂ ಲಾಕ್‌ಡೌನ್‌ನಲ್ಲಿದ್ದವು. ಮನೆಯವರೆಲ್ಲ ಇಪ್ಪತ್ತನಾಲ್ಕು ಗಂಟೆಯೂ ಮನೆಯಲ್ಲೇ. ಫಾರಂ ತುಂಬುವುದು ನಮ್ಮಲ್ಲಿ ನನ್ನ ಖಾತೆ. ಅದರಲ್ಲಿ ಒಂದು ಪ್ರಶ್ನೆ: ಕಳೆದ ವಾರ ಈ ವ್ಯಕ್ತಿ ಸಂಬಳವಿಲ್ಲದ ಮನೆಗೆಲಸ ಎಷ್ಟು ಗಂಟೆ ಮಾಡಿದರು? ಐದಕ್ಕಿಂತ ಕಡಿಮೆ, 5ರಿಂದ 14, 15ರಿಂದ 29, 30 ಅಥವಾ ಅದಕ್ಕಿಂತ ಹೆಚ್ಚು. ನಾನು ನನ್ನ ಮುಂದೆ ‘5ರಿಂದ 14’ ಒತ್ತಿದೆ. ಹಿಂದೆ ನಿಂತಿದ್ದ ಹೆಂಡತಿ ಮೆಲ್ಲಗೆ ಕೇಳಿದಳು: ‘ರೀ, ಅದು ಯಾವ ವಾರದ್ದು?’

ನಕ್ಕು ಮುಂದಿನ ಪ್ರಶ್ನೆಗೆ ಹೋದೆ. ಬೇರೆಯವರ ಲೆಕ್ಕದಲ್ಲಿ ನೂರು ಡಾಲರಿಗೆ ರಸೀದಿ ಇಲ್ಲವೆಂದರೆ ಬಿಡದ ನಾನು, ನನ್ನ ಲೆಕ್ಕಕ್ಕೆ ಒಂದು ರಸೀದಿಯೂ ಇಲ್ಲದೆ ಸರ್ಕಾರಕ್ಕೆ ಅಂಕಿ ಕೊಟ್ಟೆ. ಈಗ ಎರಡು ವಾರ ಮನೆ ನಡೆಸಿದ ಮೇಲೆ ಗೊತ್ತಾಗಿದೆ: ಆ ವಾರದ ನನ್ನ ನಿಜವಾದ ಉತ್ತರ ‘ಐದಕ್ಕಿಂತ ಕಡಿಮೆ’.

ರಜೆಯ ಎರಡನೆಯ ವಾರಾಂತ್ಯ ಮಕ್ಕಳನ್ನು ಕರೆದುಕೊಂಡು ಮೆಲ್ಬರ್ನ್‌ಗೆ ಹೋದೆ. ಒಂದೂವರೆ ಗಂಟೆಯ ವಿಮಾನ. ಬಿಕಾಂನಲ್ಲಿ ಜೊತೆಗೆ ಓದಿದ ಗೆಳೆಯ ಅಲ್ಲಿಯ ಪಶ್ಚಿಮದ ಟಾರ್ನೀಟ್‌ನಲ್ಲಿದ್ದಾನೆ. ಅವನ ಹೆಂಡತಿ, ಅಮ್ಮನ ಮಂಡಿ ಆಪರೇಷನ್‌ಗೆಂದು ಆರು ವಾರ ಮೈಸೂರಿಗೆ ಹೋಗಿದ್ದರು. ಅವನೂ ರಜೆ ಹಾಕಿ ಮನೆ ನೋಡಿಕೊಳ್ಳುತ್ತಿದ್ದ. ಫ್ರಿಜ್ ಮೇಲೆ ಎರಡು ಹಾಳೆ ಅಂಟಿಸಿತ್ತು, ಆಕೆ ಹೋಗುವ ಮುಂಚೆ ಬರೆದಿಟ್ಟದ್ದು. ‘ಕರಿಬೇವಿನ ಕುಂಡ ರಾತ್ರಿ ಒಳಗೆ, ಬೆಳಗ್ಗೆ ಬಿಸಿಲಿಗೆ. ನೀರು ವಾರಕ್ಕೊಂದೇ ಸಲ, ಹೆಚ್ಚಾದರೆ ಬೇರು ಕೊಳೆಯುತ್ತೆ. ಪಾಪುವಿನ ಕೆಮ್ಮಿನ ಔಷಧಿ ಮೇಲಿನ ಕಪಾಟು, ಎಡಗಡೆ. ಪಕ್ಕದ ಮನೆ ಅಜ್ಜಿಗೆ ಶನಿವಾರ ಒಮ್ಮೆ ಬಾಗಿಲು ತಟ್ಟಿ ಮಾತಾಡಿಸಿ. ಜೋಳದ ಹಿಟ್ಟು ಮುಗಿಯುವ ಮುಂಚೆಯೇ ತನ್ನಿ, ಮುಗಿದ ಮೇಲಲ್ಲ.’ ಅಕೌಂಟೆಂಟ್ ಬುದ್ಧಿ, ಎಣಿಸಿದೆ. 41 ಸಾಲು.

‘ಇವು ಬರೀ ನಾನು ಮರೆಯೋವಂತೆ. ಮರೆಯದೇ ಇರೋವು ಬರೆದೇ ಇಲ್ಲವಂತೆ ಮಾರಾಯ’ ಎಂದ ಗೆಳೆಯ. ಅಡುಗೆ ಕಲಿಯುವುದು ಕಷ್ಟವಾಗಲಿಲ್ಲ, ಯೂಟ್ಯೂಬ್ ಇದೆ. ಈ 41 ಸಾಲುಗಳನ್ನು ಯಾವಾಗಲೂ ತಲೆಯಲ್ಲಿ ಹೊತ್ತು ತಿರುಗುವುದೇ ಸುಸ್ತು ಎಂದೂ ಸೇರಿಸಿದ. ಮೆಲ್ಬರ್ನ್‌ನ ಇಬ್ಬನಿಗೆ ಒಂದೇ ರಾತ್ರಿ ಹೊರಗೆ ಉಳಿದು ಕರಿಬೇವು ಅರ್ಧ ಎಲೆ ಉದುರಿಸಿತ್ತು. ಅದನ್ನು ಫೋನಿನಲ್ಲಿ ಹೆಂಡತಿಗೆ ಇನ್ನೂ ಹೇಳಿಲ್ಲ ಎಂದು ಗುಟ್ಟಾಗಿ ಹೇಳಿದ. ಊರಿಂದ ಕರಿಬೇವಿನ ಗಿಡವನ್ನೋ ಬೀಜವನ್ನೋ ತರುವಂತಿಲ್ಲ, ವಿಮಾನ ನಿಲ್ದಾಣದ ತಪಾಸಣೆಯಲ್ಲೇ ಹೋಗುತ್ತದೆ. ಇಲ್ಲಿನ ನರ್ಸರಿಯಲ್ಲಿ ತಂದ ಒಂದು ಗಿಡವನ್ನು ನಮ್ಮ ಹೆಣ್ಣುಮಕ್ಕಳು ಮಗುವಿನ ಹಾಗೆ ಸಾಕುತ್ತಾರೆ. ಅವನ ಹೆದರಿಕೆ ನನಗೆ ಅರ್ಥವಾಯಿತು.

ನಮ್ಮ ವೃತ್ತಿಯ ಲೆಕ್ಕಕ್ಕೆ ಇದು ಸಿಗುವುದಿಲ್ಲ. ದೇಶದ ಜಿಡಿಪಿ ಅಳೆಯುವ ಅಂತಾರಾಷ್ಟ್ರೀಯ ನಿಯಮದಲ್ಲಿ ಒಂದು ತಮಾಷೆಯಿದೆ. ನಾನು ಹಿತ್ತಲಲ್ಲಿ ಬೆಳೆದ ಕೊತ್ತಂಬರಿ, ಮನೆ ಬಳಕೆಗೇ ಆದರೂ, ನಿಯಮದ ಪ್ರಕಾರ ಉತ್ಪಾದನೆ. ಅದನ್ನು ತೊಳೆದು, ಹೆಚ್ಚಿ, ಚಟ್ನಿ ಮಾಡಿ ನಾಲ್ಕು ಜನಕ್ಕೆ ಬಡಿಸುವುದು ಉತ್ಪಾದನೆಯಲ್ಲ. ಅದೇ ಚಟ್ನಿಯನ್ನು ಹೋಟೆಲಿನವನು ಮಾಡಿದರೆ ಮತ್ತೆ ಉತ್ಪಾದನೆ! ಪಕ್ಕದ ನ್ಯೂಜಿಲೆಂಡಿನಲ್ಲಿ ಸಂಸದೆಯಾಗಿದ್ದ ಮೆರಿಲಿನ್ ವೇರಿಂಗ್ 1988ರಲ್ಲಿ ‘ಇಫ್ ವಿಮೆನ್ ಕೌಂಟೆಡ್’ ಎಂಬ ಪುಸ್ತಕ ಬರೆದು ಇದನ್ನೇ ಪ್ರಶ್ನಿಸಿದ್ದರು. ಲೆಕ್ಕಕ್ಕೆ ಬಾರದ ಕೆಲಸ ಮಾಡುವವರೂ ಲೆಕ್ಕಕ್ಕೆ ಬಾರದೆ ಹೋಗುತ್ತಾರೆ ಎಂಬುದು ಅವರ ವಾದದ ತಿರುಳು.

ಇದು ಪರದೇಶದ ಸಮಸ್ಯೆ, ನಮ್ಮಲ್ಲಿ ಕೆಲಸದವರಿದ್ದಾರೆ ಎಂದು ಊರಿನವರು ಅನ್ನಬಹುದು. 2019ರಲ್ಲಿ ಕೇಂದ್ರದ ಸಾಂಖ್ಯಿಕ ಕಚೇರಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಬೇರೆಯೇ ಹೇಳುತ್ತದೆ. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಮಾಡುವ ಗಂಡಸರು ಕೊಟ್ಟದ್ದು 97 ನಿಮಿಷ. ಗಮನಿಸಿ, ‘ಮಾಡುವ’ ಗಂಡಸರು. ಅಂಥವರು ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಮಾತ್ರ. ಇನ್ನು ಕೆಲಸದವರನ್ನು ಇಟ್ಟುಕೊಂಡ ಮನೆಯಲ್ಲೂ ಆಕೆಯ ಹೊರೆ ಇನ್ನೊಬ್ಬ ಹೆಂಗಸಿನ ಹೆಗಲಿಗೆ ಹೋಗುತ್ತದೆ, ಗಂಡಸಿನ ಹೆಗಲಿಗಲ್ಲ. ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯರಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತಿದೆ. ಅದರ ಪರ-ವಿರೋಧ ಏನೇ ಇರಲಿ, ಹಣದಿಂದ ಮನೆಯೊಳಗಿನ ಹಂಚಿಕೆ ಬದಲಾಗುವುದಿಲ್ಲ. ದುಡ್ಡು ಆಕೆಯ ಖಾತೆಗೆ ಬಂದ ದಿನವೂ ಪಾತ್ರೆ ತೊಳೆಯುವವರು ಅವರೇ.

ಗಂಡಸರ ಪರವಾಗಿ ಒಂದು ಮಾತು ಹೇಳಲೇಬೇಕು. ಕಾರು, ತೆರಿಗೆ, ಮನೆ ಸಾಲ, ಏಣಿ ಹತ್ತುವ ಕೆಲಸ, ಇವೂ ಕೆಲಸಗಳೇ. ನನ್ನ ಬೆನ್ನು ಇನ್ನೂ ನೋಯುತ್ತಿದೆ. ಆದರೆ ತೆರಿಗೆ ರಿಟರ್ನ್ ತುಂಬಲು ಅಕ್ಟೋಬರ್ 31ರವರೆಗೆ ಸಮಯವಿದೆ. ರಾತ್ರಿಯ ಊಟಕ್ಕೆ ರಾತ್ರಿಯವರೆಗೆ ಮಾತ್ರ.

ಹಾಗಾಗಿ ರಜೆಯಲ್ಲಿ ‘ಬಾಕಿ ತೀರಿಸುವುದು’ ಎಂಬ ನನ್ನ ಲೆಕ್ಕವೇ ತಪ್ಪಾಗಿತ್ತು. ಮನೆಗೆಲಸ ವರ್ಷಾಂತ್ಯಕ್ಕೆ ಮುಚ್ಚುವ ಖಾತೆಯಲ್ಲ. ಎರಡು ವಾರ ಮೈಮುರಿದು ದುಡಿದು ಮೂರನೆಯ ವಾರ ಆಫೀಸಿಗೆ ಮರಳಿದರೆ ಎಲ್ಲ ಹೊರೆಯೂ ಮೊದಲಿದ್ದಲ್ಲಿಗೇ ಹೋಗುತ್ತದೆ. ಚಳಿಗಾಲದ ರಜೆ ಉಪಯೋಗಕ್ಕೆ ಬರಬೇಕೆಂದರೆ ಗಂಡಸರು ಆ ಎರಡು ವಾರದಲ್ಲಿ ಒಂದು ದಿನನಿತ್ಯದ ಕೆಲಸವನ್ನು ಕಲಿತು, ರಜೆ ಮುಗಿದ ಮೇಲೂ ಬಿಡದೆ ಇಟ್ಟುಕೊಳ್ಳಬೇಕು. ಬರೀ ಮಾಡುವುದಲ್ಲ, ನೆನಪಿಡುವುದನ್ನೂ ಸೇರಿಸಿ. ‘ಏನು ತರಲಿ, ಹೇಳು, ತರ್ತೀನಿ’ ಎಂದರೆ ಅರ್ಧ ಕೆಲಸ ಹೇಳುವವರ ತಲೆಯಲ್ಲೇ ಉಳಿಯಿತು. ಜೊತೆಗೆ ‘ಹೆಂಡತಿಗೆ ಸಹಾಯ ಮಾಡಿದೆ’ ಎಂಬ ಮಾತನ್ನೂ ಬಿಡಬೇಕು. ಸಹಾಯ ಮಾಡುವುದು ಪಕ್ಕದ ಮನೆಯವರಿಗೆ. ನಾವು ಉಣ್ಣುವ ತಟ್ಟೆ ನಾವು ತೊಳೆದರೆ ಅದು ಯಾರಿಗೆ ಮಾಡಿದ ಸಹಾಯ?

ನಮ್ಮನೆಯಲ್ಲಿ ಈಗ ತಿಂಡಿ ಮತ್ತು ದಿನಸಿ ನನ್ನವು. ರಜೆ ಮುಗಿದು ಐದು ವಾರವಾಯಿತು. ಒಮ್ಮೆ ಹಿಟ್ಟಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಇನ್ನೊಮ್ಮೆ ಉದ್ದಿನಬೇಳೆ ಮುಗಿದದ್ದೇ ತಿಳಿಯದೆ ಭಾನುವಾರ ರಾತ್ರಿ ವೆಂಟ್‌ವರ್ತ್‌ವಿಲ್‌ನ ಅಂಗಡಿಗೆ ಓಡಿದೆ. ಹೆಂಡತಿ ಎರಡೂ ಸಲ ಏನೂ ಅನ್ನಲಿಲ್ಲ, ತಾನೇ ಎದ್ದು ಸರಿ ಮಾಡಲೂ ಇಲ್ಲ. ಅದಕ್ಕೆ ಅವಳಿಗೆ ಎಷ್ಟು ತಾಳ್ಮೆ ಬೇಕಾಯಿತೋ. ಹನ್ನೊಂದು ವರ್ಷದ ಮಗನಿಗೂ ಓವನ್ ದೀಪದ ಗುಟ್ಟು ಹೇಳಿಕೊಟ್ಟಿದ್ದೇನೆ. ಅವನಾದರೂ ನಲವತ್ತು ದಾಟುವವರೆಗೆ ಕಾಯದಿರಲಿ.

ಊರಿನ ತಾಯಂದಿರಲ್ಲಿ ಒಂದು ವಿನಂತಿ. ದಾವಣಗೆರೆಯಿಂದ ಅವ್ವ ವಾರಕ್ಕೆರಡು ಸಲ ವಿಡಿಯೊ ಕರೆ ಮಾಡುತ್ತಾಳೆ. ನನ್ನನ್ನು ‘ಆಫೀಸು ಹೆಂಗೈತಪ್ಪ?’ ಎಂದು, ಸೊಸೆಯನ್ನು ‘ಏನ್ ಅಡಿಗಿ ಮಾಡಿದ್ಯವ್ವ?’ ಎಂದು ಕೇಳುತ್ತಾಳೆ. ಸೊಸೆಗೂ ಆಫೀಸು ಉಂಟು ಎಂಬುದು ಅವ್ವನಿಗೆ ಗೊತ್ತಿಲ್ಲದ್ದಲ್ಲ, ರೂಢಿ ಅಷ್ಟೆ. ಮೊನ್ನೆ ಮಾತ್ರ ನಾನು ದೋಸೆ ಹುಯ್ಯುತ್ತಿರುವಾಗಲೇ ಕರೆ ಬಂತು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ‘ಕಾವಲಿ ಭಾಳ ಕಾದೈತಿ, ಉರಿ ಸಣ್ಣ ಮಾಡು’ ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, ‘ನಿನ್ನ ಡ್ಯೂಟಿ ಹೆಂಗೈತವ್ವ?’ ಎಂದು ಕೇಳಿದಳು. ಪರದೇಶದಲ್ಲಿ ಮಗ ಇರುವ ಅಮ್ಮಂದಿರು ಮುಂದಿನ ಸಲ ಫೋನು ಮಾಡಿದಾಗ ಹೀಗೇ ಪ್ರಶ್ನೆಗಳನ್ನು ಅದಲು ಬದಲು ಮಾಡಿ ಕೇಳಿ ನೋಡಿ. ಮಗ ತಡವರಿಸಿದರೆ, ಅವನ ಮುಂದಿನ ರಜೆಯಲ್ಲಿ ಏನು ಮಾಡಬೇಕು ಎಂಬುದನ್ನು ನೀವೇ ಹೇಳಿ.