ಹತ್ತನೆಯ ಬಾಗಿಲು

ಮಾನವಶರೀರವನ್ನು ಹಿಂದಿನವರು ಒಂಬತ್ತು ಬಾಗಿಲುಗಳ ಪಟ್ಟಣವೆಂದು ಕರೆದರು. ಆ ಬಾಗಿಲುಗಳಲ್ಲೊಂದು ರೋಗದಿಂದ ಮುಚ್ಚಿಹೋದರೆ, ಅಥವಾ ಅದನ್ನು ತೆಗೆದುಹಾಕದೆ ಜೀವವುಳಿಯದೆಂದಾದರೆ, ಪಟ್ಟಣದ ಗತಿಯೇನು? ಆಗ ಶಸ್ತ್ರವೈದ್ಯರು ಹೊಟ್ಟೆಯ ಮೇಲೆ ಹತ್ತನೆಯ ಬಾಗಿಲೊಂದನ್ನು ತೆರೆಯುತ್ತಾರೆ. ಕರುಳನ್ನು ಹೊರಕ್ಕೆ ತಂದು ಚರ್ಮಕ್ಕೆ ಹೊಲಿದು ಮಾಡಿದ ಈ ದ್ವಾರಕ್ಕೆ ಸ್ಟೋಮಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಬಾಯಿ ಎಂದರ್ಥ. ದೊಡ್ಡ ಕರುಳಿನಿಂದ ಮಾಡಿದುದು ಕೊಲೊಸ್ಟಮಿ, ಸಣ್ಣ ಕರುಳಿನಿಂದ ಮಾಡಿದುದು ಇಲಿಯೊಸ್ಟಮಿ, ಮೂತ್ರಕ್ಕಾಗಿ ಮಾಡಿದುದು ಯೂರೊಸ್ಟಮಿ. ಕ್ಯಾನ್ಸರ್, ಕರುಳಿನ ತಡೆ, ಅಪಘಾತದ ಗಾಯ, ಹುಟ್ಟಿನಿಂದ ಬಂದ ಊನ, ಹೀಗೆ ಕಾರಣಗಳು ಹಲವು. ಕೆಲವರಿಗೆ ಇದು ಕೆಲವೇ ತಿಂಗಳುಗಳ ಏರ್ಪಾಡು. ಕೆಲವರಿಗೆ ಬಾಳಿನುದ್ದಕ್ಕೂ ಇರತಕ್ಕದ್ದು.

ಈ ಉಪಾಯವು ನಿನ್ನೆ ಮೊನ್ನೆಯದಲ್ಲ. 1793ರಲ್ಲಿ ಫ್ರಾನ್ಸಿನ ಬ್ರೆಸ್ಟ್ ಪಟ್ಟಣದ ಡ್ಯೂರೆ ಎಂಬ ಶಸ್ತ್ರವೈದ್ಯನು ಗುದದ್ವಾರವಿಲ್ಲದೆ ಹುಟ್ಟಿದ ಹಸುಗೂಸಿಗೆ ಇಂಥ ಬಾಗಿಲನ್ನು ತೆರೆದನು. ಆ ಕೂಸು ಬೆಳೆದು 45 ವರ್ಷ ಬದುಕಿತು. ಆದರೆ ಬಾಗಿಲನ್ನು ತೆರೆದರೆ ಸಾಲದು, ಅದನ್ನು ಕಾಯುವ ವಿದ್ಯೆಯೂ ಬೇಕು. ಆ ವಿದ್ಯೆ ಬಲಿತುದು ಬಹಳ ತಡವಾಗಿ; ಅದಕ್ಕೆ ಕಾರಣವಾದುದು ಒಡಹುಟ್ಟಿದವರ ಮರುಕ. ಶಸ್ತ್ರಕ್ರಿಯೆಯಾದ ಸೋದರಿಯೊಬ್ಬಳು ಸೋರಿಕೆಯ ಭಯದಿಂದ ಜನರ ನಡುವೆ ಹೋಗಲಾರದೆ ಇದ್ದುದನ್ನು ಕಂಡು, ಡೆನ್ಮಾರ್ಕಿನ ದಾದಿ ಎಲಿಸೆ ಸೋರೆನ್ಸನ್ 1954ರಲ್ಲಿ ಚರ್ಮಕ್ಕೆ ಅಂಟಿಕೊಳ್ಳುವ, ಬಳಸಿ ಬಿಸುಡಬಹುದಾದ ಚೀಲವನ್ನು ಕಲ್ಪಿಸಿದಳು. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಡಾಕ್ಟರ್ ಟರ್ನ್‌ಬುಲ್, ತಾವೇ ಇಲಿಯೊಸ್ಟಮಿ ಮಾಡಿದ್ದ ನಾರ್ಮಾ ಗಿಲ್ ಎಂಬಾಕೆಯನ್ನು 1958ರಲ್ಲಿ ಇತರ ರೋಗಿಗಳಿಗೆ ಕಲಿಸಲು ನೇಮಿಸಿದರು. ಅಲ್ಲಿ ಚರ್ಮದ ರಕ್ಷಣೆಗೆ ಬಳಸಿದ ಕರಾಯ ಅಂಟು ಭಾರತದ ಕಾಡುಗಳಲ್ಲಿ ಬೆಳೆಯುವ ಮರವೊಂದರದು.

ಸ್ಟೋಮಾವನ್ನು ಮೊದಲ ಸಲ ನೋಡಿದವರು ಗಾಯವೆಂದು ಬೆಚ್ಚುವುದುಂಟು. ಅದು ಗಾಯವಲ್ಲ. ಕೆನ್ನೆಯ ಒಳಮೈಯಂತೆ ಕೆಂಪಗೆ, ತೇವವಾಗಿರುವುದೇ ಅದರ ಆರೋಗ್ಯದ ಲಕ್ಷಣ. ಮುಟ್ಟಿದರೆ ಅದಕ್ಕೆ ನೋವಿಲ್ಲ; ಒರೆಸುವಾಗ ಒಂದೆರಡು ಹನಿ ರಕ್ತ ಕಂಡರೆ ಅಂಜಬೇಕಾಗಿಲ್ಲ. ಆದರೆ ತಡೆಹಿಡಿಯುವ ಸ್ನಾಯು ಅಲ್ಲಿಲ್ಲದ ಕಾರಣ ವಿಸರ್ಜನೆ ರೋಗಿಯ ಅಂಕೆಗೆ ಒಳಪಟ್ಟುದಲ್ಲ. ಆದುದರಿಂದ ಅದಕ್ಕಾಗಿ ರೋಗಿಯನ್ನು ಆಕ್ಷೇಪಿಸುವುದು ಸೀನಿದುದಕ್ಕೆ ಮಗುವನ್ನು ಗದರಿಸಿದಂತೆ.

ಶುಶ್ರೂಷೆಯ ಕ್ರಮ ಕಷ್ಟದ್ದಲ್ಲ. ಚೀಲ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ತುಂಬಿದಾಗಲೇ ಬರಿದುಮಾಡಬೇಕು. ಭಾರವಾದರೆ ಅಂಟು ಬಿಟ್ಟುಕೊಳ್ಳುತ್ತದೆ. ಬದಲಾಯಿಸಲು ಬೆಳಗ್ಗೆ, ಆಹಾರಕ್ಕೆ ಮುನ್ನ, ಒಳ್ಳೆಯ ಸಮಯ. ಸುತ್ತಲಿನ ಚರ್ಮವನ್ನು ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಉಜ್ಜದೆ ಮೆತ್ತಗೆ ಒತ್ತಿ ಒಣಗಿಸಬೇಕು. ಎಣ್ಣೆ ಸವರಿದರೆ ಚೀಲ ನಿಲ್ಲದು. ಅಂಟುಬಿಲ್ಲೆಯ ರಂಧ್ರ ಸ್ಟೋಮಾಕ್ಕಿಂತ 2–3 ಮಿಲಿಮೀಟರಿನಷ್ಟು ಮಾತ್ರ ದೊಡ್ಡದಾಗಿರಲಿ. ಮೊದಲ 6–8 ವಾರಗಳಲ್ಲಿ ಸ್ಟೋಮಾ ಕುಗ್ಗುವುದರಿಂದ ಆಗಾಗ ಅಳತೆ ನೋಡಬೇಕು. ಇಲಿಯೊಸ್ಟಮಿಯವರಿಗೆ ನೀರೂ ಉಪ್ಪೂ ಬೇಗ ನಷ್ಟವಾಗುತ್ತವೆ. ಅವರು ತೆಂಗಿನಕಾಯಿಯಂತಹ ನಾರಿನ ಪದಾರ್ಥಗಳನ್ನು ಚೆನ್ನಾಗಿ ಅಗಿದು ಮಿತವಾಗಿ ತಿನ್ನಬೇಕು. ಸ್ಟೋಮಾದ ಬಣ್ಣ ಕಪ್ಪಾದರೆ, ರಕ್ತ ನಿಲ್ಲದಿದ್ದರೆ, ಹೊಟ್ಟೆನೋವು ವಾಂತಿಗಳೊಡನೆ ವಿಸರ್ಜನೆ ನಿಂತುಹೋದರೆ, ಅಥವಾ ವಿಸರ್ಜನೆ ಮಿತಿಮೀರಿ ತಲೆಸುತ್ತು ಬಂದು ಮೂತ್ರ ಕಡಮೆಯಾದರೆ, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು.

ಇವೆಲ್ಲವನ್ನೂ ಆಸ್ಪತ್ರೆಯ ದಾದಿ ಕಲಿಸಿಯಾಳು. ಆಕೆ ಕಲಿಸಲಾರದ ಒಂದು ಪಾಠ ಮನೆಯಲ್ಲಿದೆ. ಚೀಲ ಬಿಚ್ಚುವಾಗ ಮಗ ಮೂಗು ಮುಚ್ಚಿಕೊಂಡುದನ್ನು ತಂದೆ ನೋಡುತ್ತಾರೆ. ತಟ್ಟೆ ಬೇರೆಯಾದುದನ್ನು, ದೇವರ ಕೋಣೆಗೆ ಹೋದಾಗ ಸೊಸೆ ಮುಖ ಸಿಂಡರಿಸಿದುದನ್ನು ತಾಯಿ ಮನಸ್ಸಿನಲ್ಲೇ ಬರೆದಿಟ್ಟುಕೊಳ್ಳುತ್ತಾರೆ. ಬಾಯಿಬಿಟ್ಟು ಏನನ್ನೂ ಹೇಳದೆ, ಉಂಡರೆ ತಾನೆ ಚೀಲ ತುಂಬುವುದೆಂದು ಊಟವನ್ನೇ ಕಡಮೆಮಾಡುತ್ತಾರೆ. ಇದರಿಂದ ಶರೀರ ಸೊರಗುವುದಲ್ಲದೆ, ಬರಿಹೊಟ್ಟೆಯಲ್ಲಿ ವಾಯು ಇನ್ನೂ ಹೆಚ್ಚುತ್ತದೆ. ಎಲ್ಲರಂತೆಯೇ ಸ್ನಾನ ಮಾಡುವವರಿಗೆ, ಸರಿಯಾಗಿ ಅಂಟಿದ ಚೀಲದಿಂದ ವಾಸನೆಯೇ ಹೊರಬಾರದವರಿಗೆ ಯಾವ ಮೈಲಿಗೆ? ಪ್ರತಿಯೊಬ್ಬರ ಒಡಲಲ್ಲೂ ಇರುವುದು ಇವರ ಚೀಲದಲ್ಲಿದೆ, ಅಷ್ಟೆ.

ಅತಿಯಾದ ಸೇವೆಯೂ ಒಳಿತಲ್ಲ. ಕೈ ಕಣ್ಣು ಚೆನ್ನಾಗಿರುವ ರೋಗಿ ಕೆಲವು ವಾರಗಳಲ್ಲಿ ತನ್ನ ಚೀಲವನ್ನು ತಾನೇ ಬದಲಾಯಿಸಬಲ್ಲನು. ಮೊದಲು ಮನೆಯವರು ಮಾಡಲಿ, ಆತ ನೋಡಲಿ. ಬಳಿಕ ಆತ ಮಾಡಲಿ, ಅವರು ಪಕ್ಕದಲ್ಲಿ ನಿಲ್ಲಲಿ. ಕೊನೆಗೆ ಕೋಣೆಯ ಕದವಿಕ್ಕಿಕೊಂಡು ಆತನೊಬ್ಬನೇ ಮಾಡಿಕೊಳ್ಳಲಿ. ಕೆಲಸ ಮುಗಿಸಿ ಹೊರಬಂದವನನ್ನು ಮುಂದಿನ ವಾರದ ಮದುವೆಗೆ ಯಾವ ಬಸ್ಸಿಗೆ ಹೊರಡುವುದೆಂದು ಕೇಳಿದರೆ, ಯಾವ ಸಮಾಧಾನದ ಮಾತಿಗೂ ಇಲ್ಲದ ಬಲ ಆ ಪ್ರಶ್ನೆಗಿರುತ್ತದೆ.