ಕಬ್ಬಿಣದ ಕಡಲೆ

ಶಾಲೆಯ ವೇಳಾಪಟ್ಟಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಪ್ರಿಯವಾದ ಒಂದು ಅವಧಿ ಇರುತ್ತದೆ. ಅಪ್ರಿಯವಾದ ಒಂದು ಅವಧಿಯೂ ಇರುತ್ತದೆ. ಪ್ರಿಯವಾದ ಪಾಠದ ಹೊತ್ತು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಳೆದುಹೋಗುತ್ತದೆ. ಅಪ್ರಿಯವಾದ ಪಾಠದ ಹೊತ್ತು ಗಂಟೆಯ ಸದ್ದಿಗಾಗಿ ಕಿವಿಗೊಟ್ಟು ಕಾಯುವುದರಲ್ಲಿಯೇ ಸವೆಯುತ್ತದೆ. ಒಬ್ಬನಿಗೆ ಅದು ಗಣಿತ, ಮತ್ತೊಬ್ಬಳಿಗೆ ಇಂಗ್ಲಿಷ್, ಇನ್ನೊಬ್ಬರಿಗೆ ವ್ಯಾಕರಣ. ಎಷ್ಟು ಅಗಿದರೂ ಹಲ್ಲಿಗೆ ನೋವೇ ಹೊರತು ನಾಲಿಗೆಗೆ ರುಚಿಯಿಲ್ಲದ ಇಂತಹ ವಿಷಯವನ್ನು ಕನ್ನಡದ ಜನ ‘ಕಬ್ಬಿಣದ ಕಡಲೆ’ ಎಂಬ ಸೊಗಸಾದ ಮಾತಿನಿಂದ ಹೆಸರಿಸಿದ್ದಾರೆ.

ಒಂದು ವಿಷಯ ಹಿಡಿಸದಿದ್ದರೆ ಅದೇನು ದೊಡ್ಡ ನಷ್ಟ ಎಂದು ಕೇಳುವವರುಂಟು. ಆದರೆ ನಷ್ಟವು ಚಿಕ್ಕದಲ್ಲ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಉಳಿದೆಲ್ಲ ವಿಷಯಗಳಲ್ಲಿಯೂ ತೇರ್ಗಡೆಯಾಗಿ, ಒಂದೇ ಒಂದು ವಿಷಯದಲ್ಲಿ ಸೋತು, ಓದನ್ನೇ ಕೈಬಿಟ್ಟ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲಿ ವಿರಳರಲ್ಲ. ಅವರಲ್ಲಿ ದಾದಿಯಾಗಬೇಕೆಂದಿದ್ದವಳು ಇದ್ದಳು, ಯಂತ್ರಗಳ ಕೆಲಸ ಕಲಿಯಬೇಕೆಂದಿದ್ದವನು ಇದ್ದನು. ಅವರಿಗೆ ಅಡ್ಡವಾದದ್ದು ಬುದ್ಧಿಯ ಕೊರತೆಯೆಂದು ಹೇಳಲಾಗದು. ಉಳಿದ ವಿಷಯಗಳಲ್ಲಿ ಅವರು ಗೆದ್ದಿದ್ದರು. ‘ಇದು ನನ್ನಿಂದಾಗದು’ ಎಂದು ಎಂದೋ ಮಾಡಿಕೊಂಡ ತೀರ್ಮಾನವೇ ಬಹುಮಟ್ಟಿಗೆ ಅವರ ದಾರಿಗೆ ಅಡ್ಡವಾಯಿತು. ಆದುದರಿಂದ ಆ ತೀರ್ಮಾನವು ಹೇಗೆ ಹುಟ್ಟುತ್ತದೆ, ಅದನ್ನು ಹೇಗೆ ಬದಲಿಸಬಹುದು ಎಂಬುದನ್ನು ವಿಚಾರಿಸುವುದು ಅಗತ್ಯವಾಗಿದೆ.

ಸಾಮಾನ್ಯವಾದ ನಂಬಿಕೆ ಹೀಗಿದೆ: ಆಸಕ್ತಿಯಿದ್ದರೆ ವಿದ್ಯೆ ಬರುತ್ತದೆ, ಆಸಕ್ತಿಯಿಲ್ಲದಿದ್ದರೆ ಬರುವುದಿಲ್ಲ. ಈ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಅದು ಅರ್ಧ ಸತ್ಯ. ಆಸಕ್ತಿಯು ಹಸಿವೆಯಂತೆ ತಾನಾಗಿ ಹುಟ್ಟುವ ವಸ್ತುವಲ್ಲ. ಈಜು ಬಾರದವನಿಗೆ ಕೆರೆಯೆಂದರೆ ಭಯ. ನಾಲ್ಕು ಕೈ ಹೊಡೆದು ದಡ ಮುಟ್ಟಿದ ದಿನದಿಂದ ಅದೇ ಕೆರೆ ಅವನನ್ನು ಕೈಬೀಸಿ ಕರೆಯುತ್ತದೆ. ಕೆರೆ ಬದಲಾಗಲಿಲ್ಲ, ಈಜು ಬಂದಿತು. ವಿದ್ಯೆಯ ವಿಷಯವೂ ಹೀಗೆಯೇ. ಅರ್ಥವಾಗದುದನ್ನು ಮನಸ್ಸು ದ್ವೇಷಿಸುತ್ತದೆ, ಅರ್ಥವಾದುದನ್ನು ಪ್ರೀತಿಸತೊಡಗುತ್ತದೆ. ಆಸಕ್ತಿ ಬಂದ ಮೇಲೆ ಓದುತ್ತೇನೆಂದು ಕಾಯುವವನು ಈಜು ಬಂದ ಮೇಲೆ ನೀರಿಗಿಳಿಯುತ್ತೇನೆಂದು ಹೇಳುವವನಂತೆ.

ಈ ಮಾತಿಗೆ ಮಹಾತ್ಮ ಗಾಂಧೀಜಿಯವರ ಬಾಲ್ಯದಲ್ಲಿಯೇ ಉತ್ತಮ ನಿದರ್ಶನವಿದೆ. ರಾಜಕೋಟೆಯ ಪ್ರೌಢಶಾಲೆಯಲ್ಲಿ ಅವರು ಓದುತ್ತಿದ್ದಾಗ ನಾಲ್ಕನೆಯ ತರಗತಿಯಿಂದ ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ಬಾಲಕ ಮೋಹನದಾಸನು ಒಂದು ತರಗತಿಯನ್ನು ಹಾರಿ ಮುಂದೆ ಬಂದಿದ್ದನು. ರೇಖಾಗಣಿತವು ಹೊಸ ವಿಷಯ. ಇಂಗ್ಲಿಷು ಇನ್ನೂ ಹಿಡಿತಕ್ಕೆ ಬಾರದ ಭಾಷೆ. ಉಪಾಧ್ಯಾಯರು ಚೆನ್ನಾಗಿಯೇ ಪಾಠ ಹೇಳುತ್ತಿದ್ದರೂ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಹಿಂದಿನ ತರಗತಿಗೆ ಮರಳಿಬಿಡೋಣವೆಂದು ಎಷ್ಟೋ ಸಲ ಅವನಿಗೆ ಅನ್ನಿಸಿತು. ಆದರೆ ಹಾಗೆ ಮಾಡಿದರೆ ತನಗೆ ಮಾತ್ರವಲ್ಲ, ತನ್ನನ್ನು ನಂಬಿ ಮೇಲಿನ ತರಗತಿಗೆ ಕಳುಹಿಸಿದ ಉಪಾಧ್ಯಾಯರಿಗೂ ಅಪಕೀರ್ತಿ ಬರುವುದೆಂದು ಅಳುಕಿ ಅಲ್ಲಿಯೇ ಉಳಿದನು. ಬಹಳ ಶ್ರಮಪಟ್ಟು ಯೂಕ್ಲಿಡನ ಹದಿಮೂರನೆಯ ಪ್ರಮೇಯವನ್ನು ತಲಪಿದಾಗ, ಈ ವಿದ್ಯೆಯು ಎಷ್ಟು ಸರಳವಾದುದೆಂಬುದು ಅವನಿಗೆ ಥಟ್ಟನೆ ಹೊಳೆಯಿತು. ಕೇವಲ ಯುಕ್ತಿಯನ್ನು ಬಳಸಿದರೆ ಸಾಕಾಗುವ ವಿಷಯವು ಕಷ್ಟವಾಗಲು ಹೇಗೆ ಸಾಧ್ಯ? ಅಂದಿನಿಂದ ರೇಖಾಗಣಿತವು ಅವರಿಗೆ ಸುಲಭವೂ ಸ್ವಾರಸ್ಯಕರವೂ ಆಯಿತೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಹದಿಮೂರನೆಯ ಪ್ರಮೇಯದಲ್ಲಿ ಬೆಳಕು ಕಂಡಿತು, ನಿಜ. ಆದರೆ ಅದಕ್ಕೆ ಮೊದಲು ಹನ್ನೆರಡು ಪ್ರಮೇಯಗಳು ಕತ್ತಲೆಯಲ್ಲಿಯೇ ಕಳೆದಿದ್ದವು. ಹತ್ತನೆಯದರಲ್ಲಿ ಆ ಬಾಲಕನು ಪುಸ್ತಕವನ್ನು ಮುಚ್ಚಿದ್ದರೆ, ರೇಖಾಗಣಿತವು ತನ್ನ ಬುದ್ಧಿಗೆ ಮೀರಿದ್ದೆಂದು ಜೀವನಪರ್ಯಂತ ನಂಬಿಕೊಂಡಿರುತ್ತಿದ್ದನು. ಬೆಳಕು ಯಾವ ಹೆಜ್ಜೆಯಲ್ಲಿ ಕಾಣಿಸುವುದೆಂದು ನಡೆಯುವವನಿಗೆ ಮೊದಲೇ ತಿಳಿದಿರುವುದಿಲ್ಲ. ತಿಳಿಯದಿದ್ದರೂ ನಡೆಯುವುದಕ್ಕೇ ಶ್ರದ್ಧೆಯೆಂದು ಹೆಸರು.

ಎಲ್ಲ ವಿಷಯಗಳೂ ಹೀಗೆ ಒಂದು ದಿನ ಥಟ್ಟನೆ ಹೊಳೆಯುವುದಿಲ್ಲ ಎಂಬುದೂ ಗಾಂಧೀಜಿಯವರ ಅನುಭವವೇ ಆಗಿತ್ತು. ಸಂಸ್ಕೃತವು ಅವರಿಗೆ ರೇಖಾಗಣಿತಕ್ಕಿಂತಲೂ ಕಷ್ಟವಾಯಿತು. ಅಲ್ಲಿ ಬಾಯಿಪಾಠ ಮಾಡುವುದೇ ಹೆಚ್ಚು; ಉಪಾಧ್ಯಾಯರೂ ಬಲು ಕಟ್ಟುನಿಟ್ಟಿನವರು. ಫಾರಸಿ ಸುಲಭ, ಅದರ ಉಪಾಧ್ಯಾಯರು ಮೃದು ಎಂದು ಹುಡುಗರು ಮಾತನಾಡಿಕೊಳ್ಳುತ್ತಿದ್ದುದನ್ನು ಕೇಳಿ, ಆರನೆಯ ತರಗತಿಯಲ್ಲಿ ಒಂದು ದಿನ ಮೋಹನದಾಸನು ಫಾರಸಿಯ ತರಗತಿಗೆ ಹೋಗಿ ಕುಳಿತನು. ಇದನ್ನು ಕಂಡು ಸಂಸ್ಕೃತದ ಉಪಾಧ್ಯಾಯರಾದ ಕೃಷ್ಣಶಂಕರ ಪಂಡ್ಯಾ ಅವರು ನೊಂದುಕೊಂಡರು. ಅವರು ಹುಡುಗನನ್ನು ಗದರಿಸಲಿಲ್ಲ. ಬಳಿಗೆ ಕರೆದು, ಕಷ್ಟವೇನಿದ್ದರೂ ತಮ್ಮಲ್ಲಿಗೆ ಬಂದು ಹೇಳಬೇಕೆಂದೂ, ಎದೆಗೆಡಬಾರದೆಂದೂ ಪ್ರೀತಿಯಿಂದ ತಿಳಿಹೇಳಿದರು. ಆ ಪ್ರೀತಿಯ ಮುಂದೆ ನಾಚಿದ ಹುಡುಗನು ಸಂಸ್ಕೃತಕ್ಕೆ ಮರಳಿದನು. ಅಂದು ಕಲಿತ ಅಲ್ಪಸ್ವಲ್ಪವೂ ಇಲ್ಲದಿದ್ದರೆ ತಮಗೆ ಧರ್ಮಗ್ರಂಥಗಳಲ್ಲಿ ರುಚಿ ಹುಟ್ಟುವುದೇ ಕಷ್ಟವಾಗುತ್ತಿತ್ತೆಂದು ಗಾಂಧೀಜಿ ಮುಂದೆ ಆ ಗುರುವನ್ನು ಕೃತಜ್ಞತೆಯಿಂದ ನೆನೆದರು. ಇನ್ನೂ ಹೆಚ್ಚು ಕಲಿಯಲಿಲ್ಲವಲ್ಲ ಎಂದು ಪರಿತಪಿಸಿದರು.

ಕೈಬಿಟ್ಟವರ ಪರಿತಾಪಕ್ಕೂ ಉದಾಹರಣೆಯಿದೆ. ಜೀವವಿಕಾಸದ ಸಿದ್ಧಾಂತವನ್ನು 1859ರಲ್ಲಿ ತನ್ನ ಪ್ರಸಿದ್ಧ ಗ್ರಂಥದ ಮೂಲಕ ಜಗತ್ತಿನ ಮುಂದಿಟ್ಟ ಚಾರ್ಲ್ಸ್ ಡಾರ್ವಿನ್ನನಿಗೆ ಗಣಿತವೆಂದರೆ ಆಗದು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ, 1828ರ ಬೇಸಿಗೆಯಲ್ಲಿ, ಅವನು ಮನೆಪಾಠದ ಗುರುವೊಬ್ಬನೊಡನೆ ವೇಲ್ಸಿನ ಬಾರ್ಮತ್ ಎಂಬ ಊರಿಗೆ ಹೋಗಿ ಗಣಿತವನ್ನು ಕಲಿಯಲೆತ್ನಿಸಿದನು. ಬೀಜಗಣಿತದ ಮೊದಲ ಮೆಟ್ಟಿಲುಗಳಲ್ಲಿ ಅವನಿಗೆ ಯಾವ ಅರ್ಥವೂ ಕಾಣಲಿಲ್ಲ, ಬೇಸರವೇ ಹೆಚ್ಚಾಯಿತು. ಪ್ರಯತ್ನ ಅಲ್ಲಿಗೆ ಕುಂಠಿತವಾಯಿತು. ವೃದ್ಧಾಪ್ಯದಲ್ಲಿ ಬರೆದ ಆತ್ಮವೃತ್ತಾಂತದಲ್ಲಿ ಅವನು ಆ ಅಸಹನೆಯನ್ನು ಮೂರ್ಖತನವೆಂದೇ ಒಪ್ಪಿಕೊಂಡಿದ್ದಾನೆ; ಗಣಿತದ ಮೂಲತತ್ತ್ವಗಳನ್ನು ತಿಳಿಯುವಷ್ಟು ದೂರವಾದರೂ ಸಾಗಬೇಕಾಗಿತ್ತೆಂದು ಆಳವಾಗಿ ವಿಷಾದಿಸಿದ್ದಾನೆ. ಗಣಿತವಿಲ್ಲದೆಯೂ ಮಹಾಪುರುಷನಾದವನೇ ಹೀಗೆ ವಿಷಾದಿಸಿದನೆಂಬುದು ವಿಚಾರಾರ್ಹವಾದ ಸಂಗತಿ.

ಇದಕ್ಕೆ ಪ್ರತಿಯಾಗಿ ಕೆಲವರು ಶ್ರೀನಿವಾಸ ರಾಮಾನುಜನ್ ಅವರ ಹೆಸರನ್ನು ಹೇಳುತ್ತಾರೆ. ಗಣಿತವೊಂದನ್ನೇ ಹಿಡಿದು ಉಳಿದವನ್ನೆಲ್ಲ ಬಿಟ್ಟ ರಾಮಾನುಜನ್ ಜಗತ್ಪ್ರಸಿದ್ಧರಾಗಲಿಲ್ಲವೇ ಎಂಬುದು ಅವರ ಪ್ರಶ್ನೆ. ಆದರೆ ಆ ಜೀವನಚರಿತ್ರೆಯನ್ನು ಪೂರ್ತಿಯಾಗಿ ಓದಬೇಕು. 1904ರಲ್ಲಿ ವಿದ್ಯಾರ್ಥಿವೇತನದೊಡನೆ ಕುಂಭಕೋಣದ ಕಾಲೇಜನ್ನು ಸೇರಿದ ಅವರು, ಇತರ ವಿಷಯಗಳನ್ನು ಅಲಕ್ಷಿಸಿದ್ದರಿಂದ ಆ ವೇತನವನ್ನು ಕಳೆದುಕೊಂಡರು. ಮುಂದೆ ಮದರಾಸಿನಲ್ಲಿಯೂ ಪರೀಕ್ಷೆಯಲ್ಲಿ ಸೋತರು. 1912ರಲ್ಲಿ ಮದರಾಸಿನ ಬಂದರಿನ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ದೊರೆಯುವವರೆಗೆ ಅವರು ಅನುಭವಿಸಿದ ಬಡತನ ಅಪಾರವಾದುದು. 1914ರಲ್ಲಿ ಕೇಂಬ್ರಿಜ್‌ಗೆ ಹೋದದ್ದೂ, 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದದ್ದೂ ಅವರ ಅಸಾಧಾರಣ ಪ್ರತಿಭೆಯ ಫಲವೇ ಹೊರತು ಅಲಕ್ಷ್ಯದ ಫಲವಲ್ಲ. ಅಲಕ್ಷ್ಯವು ಅಂತಹ ಪ್ರತಿಭೆಯನ್ನೂ ವರ್ಷಗಟ್ಟಲೆ ಅಲೆದಾಡಿಸಿತು. ಇಂತಹವರಿಗೆ ಬೇರೆ ವ್ಯವಸ್ಥೆಯನ್ನು ಮಾಡಿಕೊಡದಿದ್ದುದು ಅಂದಿನ ಶಿಕ್ಷಣಪದ್ಧತಿಯ ದೋಷವೆಂಬುದೂ ನಿಜ. ಆದರೆ ನೂರು ವರ್ಷಕ್ಕೊಮ್ಮೆ ಹುಟ್ಟುವ ಪ್ರತಿಭೆಯ ಹೆಸರಿನಲ್ಲಿ ನಿತ್ಯದ ಸೋಮಾರಿತನವನ್ನು ಸಮರ್ಥಿಸಿಕೊಳ್ಳುವುದು ನ್ಯಾಯವಲ್ಲ.

ಹಾಗಾದರೆ ಕಷ್ಟವೆನಿಸಿದ ವಿಷಯದಲ್ಲಿ ಉತ್ಸಾಹವನ್ನು ಉಳಿಸಿಕೊಳ್ಳುವ ಬಗೆ ಯಾವುದು? ಮೊದಲನೆಯದಾಗಿ, ಕಷ್ಟವು ಎಲ್ಲಿದೆಯೆಂದು ಕಂಡುಕೊಳ್ಳಬೇಕು. ‘ನನಗೆ ಗಣಿತ ಬಾರದು’ ಎಂಬ ಮಾತು ‘ನನಗೆ ಮೈ ಸರಿಯಿಲ್ಲ’ ಎಂಬ ಮಾತಿನಂತೆ ಅಸ್ಪಷ್ಟವಾದುದು. ನೋವು ತಲೆಯಲ್ಲೋ ಹೊಟ್ಟೆಯಲ್ಲೋ ಎಂದು ತಿಳಿಯದೆ ವೈದ್ಯನು ಮದ್ದು ಕೊಡಲಾರನು. ಗಣಿತವು ಏಣಿಯಂತೆ. ಒಂಬತ್ತನೆಯ ತರಗತಿಯ ಬೀಜಗಣಿತದಲ್ಲಿ ಎಡವುವ ವಿದ್ಯಾರ್ಥಿಯು ಎಷ್ಟೋ ವೇಳೆ ಐದನೆಯ ತರಗತಿಯ ಭಿನ್ನರಾಶಿಯಲ್ಲಿಯೇ ಎಡವಿರುತ್ತಾನೆ. ಆ ಹಳೆಯ ಮೆಟ್ಟಿಲನ್ನು ಸರಿಪಡಿಸಿಕೊಳ್ಳಲು ಕೆಲವು ವಾರಗಳು ಸಾಕು. ಸರಿಪಡಿಸದೆ ಏರಲೆತ್ನಿಸಿದರೆ ವರ್ಷಗಳು ಕಳೆದರೂ ಸಾಲವು. ಕೆಳಗಿನ ತರಗತಿಯ ಪುಸ್ತಕವನ್ನು ತೆರೆಯುವುದರಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲ.

ಎರಡನೆಯದಾಗಿ, ಸೂತ್ರವನ್ನು ಕಂಠಪಾಠ ಮಾಡುವ ಮೊದಲು ಅದರ ಅರ್ಥವನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳಬೇಕು. ಎರಡು ಪದಗಳ ಮೊತ್ತದ ವರ್ಗವನ್ನು ಬರೆಯುವಾಗ ಅನೇಕರು ಎರಡೂ ಪದಗಳ ವರ್ಗಗಳನ್ನು ಕೂಡಿಸಿ ಸುಮ್ಮನಾಗುತ್ತಾರೆ. 3 ಮತ್ತು 2ರ ಮೊತ್ತ 5. ಅದರ ವರ್ಗ 25. ಆದರೆ 3ರ ವರ್ಗ 9, 2ರ ವರ್ಗ 4. ಕೂಡಿದರೆ ಬರುವುದು 13 ಮಾತ್ರ. ಉಳಿದ 12 ಎಲ್ಲಿ ಹೋಯಿತು? ಐದು ಅಡಿ ಉದ್ದಗಲದ ಚೌಕವೊಂದನ್ನು ನೆಲದ ಮೇಲೆ ಬರೆದು, ಎರಡು ಬದಿಗಳನ್ನೂ ಮೂರು ಅಡಿ ಮತ್ತು ಎರಡು ಅಡಿಗಳಾಗಿ ಭಾಗಿಸಿ ಅಡ್ಡಗೆರೆ, ಉದ್ದಗೆರೆಗಳನ್ನು ಎಳೆದರೆ ಉತ್ತರ ತಾನಾಗಿ ಗೋಚರಿಸುತ್ತದೆ. ದೊಡ್ಡ ಚೌಕ ಒಂದು, ಚಿಕ್ಕ ಚೌಕ ಒಂದು. ಅವುಗಳ ಪಕ್ಕದಲ್ಲಿ ಮೂರು ಅಡಿ ಉದ್ದ, ಎರಡು ಅಡಿ ಅಗಲದ ಆಯತಗಳು ಎರಡು. ಒಂದೊಂದರ ವಿಸ್ತೀರ್ಣ 6 ಚದರ ಅಡಿ. ಎರಡೂ ಸೇರಿ 12. ಹೀಗೆ ಒಮ್ಮೆ ಕಂಡವನು ಆ ಸೂತ್ರವನ್ನು ಮರೆಯುವುದು ಅಪರೂಪ. ಮರೆತರೂ ಮತ್ತೆ ತಾನೇ ಬರೆದು ಪಡೆಯಬಲ್ಲನು. ಡಾರ್ವಿನ್ನನಿಗೆ ಬೀಜಗಣಿತದಲ್ಲಿ ಕಾಣದೆ ಹೋದ ಅರ್ಥ ಇಂತಹುದೇ.

ಮೂರನೆಯದಾಗಿ, ಅಭ್ಯಾಸವು ಅಲ್ಪವಾಗಿರಲಿ, ಆದರೆ ನಿತ್ಯವಾಗಿರಲಿ. ಬೇಡವೆನಿಸಿದ ವಿಷಯವನ್ನು ಭಾನುವಾರಕ್ಕೆ ಮುಂದೂಡಿ, ಆ ದಿನ ನಾಲ್ಕು ಗಂಟೆ ಅದರೊಡನೆ ಸೆಣಸುವುದು ಬಹುಜನರ ರೂಢಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ತನ್ನ ಸ್ಮರಣಶಕ್ತಿಯ ಮೇಲೆ ತಾನೇ ದೀರ್ಘಕಾಲ ಪ್ರಯೋಗಗಳನ್ನು ನಡೆಸಿ 1885ರಲ್ಲಿ ಅವುಗಳ ಫಲಿತಾಂಶವನ್ನು ಪ್ರಕಟಿಸಿದನು. ಕಲಿತದ್ದರ ಬಹುಭಾಗವು ಮೊದಲ ಕೆಲವು ಗಂಟೆಗಳಲ್ಲಿಯೇ ವೇಗವಾಗಿ ಮರೆತುಹೋಗುತ್ತದೆಂದೂ, ಒಂದೇ ಸಲಕ್ಕೆ ಪಟ್ಟ ಶ್ರಮಕ್ಕಿಂತ ಹಲವು ದಿನಗಳಿಗೆ ಹಂಚಿದ ಶ್ರಮವು ಹೆಚ್ಚು ಫಲಕೊಡುತ್ತದೆಂದೂ ಅವನು ಕಂಡುಕೊಂಡನು. ‘ಹನಿಹನಿಗೂಡಿದರೆ ಹಳ್ಳ’ ಎಂದು ಹಿರಿಯರು ಹೇಳಿದ್ದೂ ಇದನ್ನೇ. ದಿನಕ್ಕೆ ಅರ್ಧ ಗಂಟೆ, ಮನಸ್ಸು ಚುರುಕಾಗಿರುವ ಹೊತ್ತಿನಲ್ಲಿ, ಎರಡೇ ಲೆಕ್ಕ ಅಥವಾ ಐದೇ ಹೊಸ ಪದ. ಬಳಿಕ ಪುಸ್ತಕವನ್ನು ಮುಚ್ಚಿ ಮತ್ತೊಮ್ಮೆ ಬರೆದು ನೋಡುವುದು. ತಪ್ಪಿದ್ದನ್ನು ಬೇರೊಂದು ಪುಟದಲ್ಲಿ ಗುರುತುಮಾಡಿಟ್ಟುಕೊಂಡು ಮರುದಿನ ಉಪಾಧ್ಯಾಯರಲ್ಲಿ ಕೇಳುವುದು. ಇಷ್ಟನ್ನು ಮಾಡುವುದಕ್ಕೆ ಆಸಕ್ತಿ ಬೇಕಾಗಿಲ್ಲ, ನಿಶ್ಚಯವಿದ್ದರೆ ಸಾಕು. ನಿನ್ನೆ ಬಾರದ ಲೆಕ್ಕ ಇಂದು ಬಂದಿತೆಂಬ ಸಣ್ಣ ಸಂತೋಷವು ಆಸಕ್ತಿಯ ಮೊದಲ ಮೊಳಕೆ.

ಹಿರಿಯರ ಹೊಣೆಯನ್ನೂ ಇಲ್ಲಿ ಮರೆಯುವಂತಿಲ್ಲ. ‘ನಮ್ಮ ಮನೆತನಕ್ಕೇ ಲೆಕ್ಕ ಹತ್ತದು’ ಎಂದು ಮಕ್ಕಳೆದುರಿಗೆ ನಗುತ್ತ ನುಡಿಯುವ ತಂದೆಯೂ, ‘ಹೆಣ್ಣುಮಕ್ಕಳಿಗೆ ಇಷ್ಟು ಗಣಿತವೇಕೆ’ ಎನ್ನುವ ಅಜ್ಜಿಯೂ, ಉತ್ತರ ತಪ್ಪಿದವನನ್ನು ತರಗತಿಯ ಮುಂದೆ ಹಾಸ್ಯಕ್ಕೆ ಗುರಿಮಾಡುವ ಉಪಾಧ್ಯಾಯರೂ ತಿಳಿಯದೆಯೇ ಒಂದೊಂದು ಬಾಗಿಲನ್ನು ಮುಚ್ಚುತ್ತಾರೆ. ರಾಜಕೋಟೆಯ ಆ ಸಂಸ್ಕೃತದ ಉಪಾಧ್ಯಾಯರು ಹುಡುಗನನ್ನು ಬಳಿಗೆ ಕರೆದು ಆಡಿದ ನಾಲ್ಕು ಮಾತುಗಳು ಯಾವ ಶಿಕ್ಷೆಯೂ ಮಾಡಲಾಗದ ಕೆಲಸವನ್ನು ಮಾಡಿದುವು.

ಎಲ್ಲರೂ ಗಣಿತಜ್ಞರಾಗಬೇಕಿಲ್ಲ, ಎಲ್ಲರೂ ಭಾಷಾಪಂಡಿತರಾಗಬೇಕಿಲ್ಲ. ಅವರವರ ಅಭಿರುಚಿಗೆ ತಕ್ಕ ದಾರಿಯನ್ನು ಆರಿಸಿಕೊಳ್ಳುವ ಕಾಲ ಮುಂದೆ ಬಂದೇ ಬರುತ್ತದೆ. ಆಗ ಒಂದು ವಿಷಯವನ್ನು ಬಿಡುವುದಾದರೆ, ಅದನ್ನು ಅರಿತು ಬಿಡುವುದು ಬೇರೆ, ಹೆದರಿ ಬಿಡುವುದು ಬೇರೆ. ಅರಿತು ಬಿಟ್ಟವನು ತನ್ನ ದಾರಿಯನ್ನು ತಾನೇ ಆರಿಸಿಕೊಂಡವನು. ಹೆದರಿ ಬಿಟ್ಟವನ ದಾರಿಯನ್ನು ಅವನ ಭಯವೇ ಆರಿಸಿರುತ್ತದೆ. ಒಲ್ಲದ ವಿಷಯದೊಡನೆ ದಿನವೂ ಅರ್ಧ ಗಂಟೆ ಕುಳಿತ ವಿದ್ಯಾರ್ಥಿಗೆ ಆ ವಿಷಯದಲ್ಲಿ ಪೂರ್ಣ ಅಂಕಗಳು ಬಾರದಿರಬಹುದು. ಆದರೆ ಕಷ್ಟವಾದುದನ್ನು ಕಂಡು ಓಡದೆ ನಿಲ್ಲುವ ಅಭ್ಯಾಸ ಅವನಿಗೆ ಬಂದಿರುತ್ತದೆ. ಶಾಲೆಯನ್ನು ಬಿಟ್ಟ ಮೇಲೆ ಬದುಕು ಮುಂದಿಡುವ ಕೆಲಸಗಳಲ್ಲಿ ಮನಸ್ಸಿಗೆ ಒಪ್ಪುವಂತಹವು ಕೆಲವೇ, ಮಾಡಲೇಬೇಕಾದಂತಹವು ಹಲವು. ಅಂದು ಅವನಿಗೆ ಒದಗುವುದು ಈ ಅಭ್ಯಾಸವೇ.